‘ದಿ ಪವರ್’ ಕಾದಂಬರಿ ಓದಿದವರು ಯಾರಾದರೂ ಇದ್ದೀರಾ? ನನಗಂತೂ ನಿರಾಸೆ

ಕೋಟೆಗುಡ್ಡ (ಬಳ್ಳಾರಿ)

ನಯೋಮಿ ಆಲ್ಡರ್‌ಮನ್ ಬರೆದ ‘ದಿ ಪವರ್’ ಮೊನ್ನೆ ಓದಿ ಮುಗಿಸಿದೆ. 2016ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. 2017ರಲ್ಲಿ ಬ್ರಿಟನ್ನಿನ ಬೇಲೀಸ್ ಪ್ರಶಸ್ತಿ ಬಂತು. ಅದು ಲೇಖಕಿಯರಿಗೆಂದೇ ಇರುವ ಪ್ರಶಸ್ತಿ. ಅದೇ ವರ್ಷ ಒಬಾಮಾ ತಮಗೆ ಹಿಡಿಸಿದ ಪುಸ್ತಕಗಳಲ್ಲಿ ಇದನ್ನೂ ಹೆಸರಿಸಿದ್ದರು. 2023ರಲ್ಲಿ ವೆಬ್ ಸೀರೀಸ್ ಕೂಡ ಆಯಿತು. ಇಷ್ಟೆಲ್ಲ ಹೊಗಳಿಕೆ ಕೇಳಿ ಬೇಸಿಗೆ ರಜೆಗೆ ಅಂತ ಎತ್ತಿಟ್ಟುಕೊಂಡಿದ್ದೆ. ನಮ್ಮೂರ ಬೇಸಿಗೆ ಗೊತ್ತಲ್ಲ, ಹನ್ನೊಂದು ಗಂಟೆ ಮೇಲೆ ಬಾಗಿಲು ಹಾಕಿಕೊಂಡು ಓದುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಕಥೆ ಪೂರ್ತಿ ಬಿಚ್ಚಿಡುತ್ತೇನೆ. ಓದಬೇಕು ಅಂದುಕೊಂಡವರು ಇಲ್ಲೇ ನಿಲ್ಲಿಸಿ.

ಒಂದು ದಿನ ಲೋಕದ ಹದಿಹರೆಯದ ಹುಡುಗಿಯರ ಕೈಯಿಂದ ಕರೆಂಟ್ ಹೊಡೆಯಲು ಶುರುವಾಗುತ್ತದೆ. ಕತ್ತಿನ ಬುಡದ ಎಲುಬಿನ ಹತ್ತಿರ ಒಂದು ಹೊಸ ಅಂಗ ಬೆಳೆದಿರುತ್ತದೆ. ಹುಡುಗಿಯರು ಮುಟ್ಟಿದರೆ ದೊಡ್ಡ ಹೆಂಗಸರಲ್ಲೂ ಅದು ಏಳುತ್ತದೆ. ಹತ್ತು ವರ್ಷದಲ್ಲಿ ಎಲ್ಲ ತಲೆಕೆಳಗು. ಕಥೆ ಸಾಗುವುದು ಹೆಚ್ಚಾಗಿ ನಾಲ್ವರ ಮೂಲಕ: ಲಂಡನ್ನಿನ ರೌಡಿಯೊಬ್ಬನ ಮಗಳು ರಾಕ್ಸಿ, ಅಮೆರಿಕದ ಮೇಯರ್ ಮಾರ್ಗೊ, ಸಾಕುಮನೆಯಿಂದ ಓಡಿಹೋಗಿ ‘ಮದರ್ ಈವ್’ ಅಂತ ಹೊಸ ಧರ್ಮವನ್ನೇ ಹುಟ್ಟುಹಾಕುವ ಆಲಿ, ಕ್ಯಾಮೆರಾ ಹಿಡಿದು ದೇಶ ಸುತ್ತುವ ನೈಜೀರಿಯಾದ ಹುಡುಗ ಟುಂಡೆ.

ಮೊದಲ ನೂರು ಪುಟ ಕೆಳಗಿಡಲಿಕ್ಕೆ ಆಗಲಿಲ್ಲ. ಆಮೇಲೆ ಏನಾಯಿತೋ. ಬೆಸ್ಸಪಾರ ಅಂತ ಹೆಂಗಸರದೇ ಒಂದು ದೇಶ ಹುಟ್ಟುತ್ತದೆ. ಅಲ್ಲಿ ಹೆಂಗಸೊಬ್ಬಳ ಒಪ್ಪಿಗೆ ಚೀಟಿ ಇಲ್ಲದೆ ಗಂಡಸು ಊರು ಬಿಡುವಂತಿಲ್ಲ. ಅದರ ಅಧ್ಯಕ್ಷೆ ನೆಲಕ್ಕೆ ಚೆಲ್ಲಿದ ಮದ್ಯವನ್ನು ಕೆಲಸದ ಹುಡುಗನಿಂದ ನೆಕ್ಕಿಸುತ್ತಾಳೆ. ಗುಂಪು ಕಟ್ಟಿಕೊಂಡು ಹೆಂಗಸರು ಗಂಡಸರ ಮೇಲೆ ಅತ್ಯಾಚಾರ ಮಾಡುತ್ತಾರೆ, ಕೊಲ್ಲುತ್ತಾರೆ. ಪುಟ ತಿರುಗಿಸಿದಷ್ಟೂ ಅದೇ. ಕೊನೆಗೆ ಸಿಗುವುದು ಏನು? ಅಧಿಕಾರ ಯಾರ ಕೈಗೆ ಬಂದರೂ ತಲೆ ಕೆಡಿಸುತ್ತದೆ ಅನ್ನುವ ಮಾತು. ಇದನ್ನು ನಮ್ಮ ಓಣಿಯ ಕಟ್ಟೆ ಮೇಲಿನ ಅಜ್ಜ ಒಂದು ಬೀಡಿ ಮುಗಿಯುವುದರೊಳಗೆ ಹೇಳುತ್ತಾನೆ.

ನನ್ನ ತಕರಾರು ಹಿಂಸೆಯ ಬಗ್ಗೆ ಅಲ್ಲ. ಇಂಗ್ಲಿಷಿನ ‘ಪವರ್’ ಅನ್ನುವ ಪದಕ್ಕೆ ನಮ್ಮಲ್ಲಿ ಮೂರು ಪದ ಇವೆ: ಕರೆಂಟ್, ಶಕ್ತಿ, ಅಧಿಕಾರ. ಅಲ್ಲಿ ಮೂರಕ್ಕೂ ಒಂದೇ. ಶೀರ್ಷಿಕೆಯ ಜಾಣತನ ಇರುವುದೇ ಅದರಲ್ಲಿ. ಆದರೆ ಆ ಒಂದು ಪದ ಲೇಖಕಿಯನ್ನೂ ಏಮಾರಿಸಿದೆ ಅನ್ನಿಸುತ್ತದೆ. ಕರೆಂಟ್ ಬಂತು ಅಂದರೆ ಶಕ್ತಿ ಬಂತು, ಶಕ್ತಿ ಬಂತು ಅಂದರೆ ಅಧಿಕಾರ ಬಂತು ಅಂತ ಸಲೀಸಾಗಿ ಜಾರಿಕೊಂಡು ಹೋಗುತ್ತಾರೆ. ಹೊಲದ ಪಹಣಿ ಯಾರ ಹೆಸರಲ್ಲಿದೆ, ದುಡ್ಡಿನ ಕಪಾಟಿನ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನುವುದಕ್ಕೆ ಅವರಿಗೆ ಪುರುಸೊತ್ತಿಲ್ಲ.

ನಿಮಗೂ ಹೀಗೇ ಅನ್ನಿಸಿತಾ, ಅಥವಾ ನಾನೇ ಮೂತಿ ಸೊಟ್ಟ ಮಾಡಿಕೊಂಡು ಓದಿದೆನಾ?

ಥರ್ಮಲ್ ಹುಡುಗ (ಶಕ್ತಿನಗರ, ರಾಯಚೂರು)

ಅಕ್ಕಾ, ನಮ್ಮೂರಲ್ಲಿ ಪವರ್ ಅಂದರೆ ಮೆಗಾವ್ಯಾಟ್. 1720 ಮೆಗಾವ್ಯಾಟಿನ ಸ್ಥಾವರದ ನೆರಳಲ್ಲಿ ಬೆಳೆದವನು ನಾನು. ಹಾಗಾಗಿ ಕರೆಂಟಿನ ಲೆಕ್ಕ ಹಿಡಿದೇ ಓದಿದೆ.

ಕರೆಂಟ್ ಹೊಡೆಯುವ ಹಾವುಮೀನು ನಿಜವಾಗಿಯೂ ಇದೆ, ದಕ್ಷಿಣ ಅಮೆರಿಕದ ನದಿಗಳಲ್ಲಿ. ಅದರ ಒಂದು ಜಾತಿ 860 ವೋಲ್ಟ್‌ವರೆಗೆ ಹೊಡೆಯುವುದನ್ನು ಅಳೆದಿದ್ದಾರೆ. ಆದರೆ ಹೊಡೆತ ಕ್ಷಣ ಮಾತ್ರದ್ದು. ಸುತ್ತ ನೀರಿರುವುದರಿಂದ ಅದಕ್ಕೆ ಕೆಲಸ ಸುಲಭ. ಗಾಳಿಯಲ್ಲಿ ನಿಂತ ಮನುಷ್ಯರಿಗೆ ಅದೇ ಲೆಕ್ಕ ನಡೆಯುವುದಿಲ್ಲ. ಕಾದಂಬರಿಯಲ್ಲಿ ಕೊಟ್ಟ ಕಾರಣ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಷಾನಿಲದಿಂದ ಕಾಪಾಡಲಿಕ್ಕೆ ಅಂತ ನೀರಿಗೆ ಬೆರೆಸಿದ ಒಂದು ಔಷಧಿ. ಹೋಗಲಿ, ಕಥೆ ಅಲ್ವಾ, ಒಪ್ಪಿಕೊಂಡೆ.

ಒಪ್ಪಲಿಕ್ಕಾಗದ್ದು ಬೇರೆ. ಅರ್ಧ ಲೋಕದ ಮೈಯಲ್ಲಿ ಕರೆಂಟ್ ಹುಟ್ಟಿದೆ, ಅದು ಖರ್ಚಾಗುವುದೆಲ್ಲ ಹೊಡೆಯಲಿಕ್ಕೆ, ಬೆದರಿಸಲಿಕ್ಕೆ. ಆಲಿ ಒಂದಿಷ್ಟು ಜನರ ಕಾಯಿಲೆ ವಾಸಿ ಮಾಡುತ್ತಾಳೆ, ಅದೂ ಭಕ್ತರನ್ನು ಗಳಿಸಲಿಕ್ಕೆ. ನಮ್ಮ ಕಡೆ ಇಂಥದ್ದು ಬಂದಿದ್ದರೆ ಮೊದಲ ವಾರವೇ ಯಾರಾದರೂ ಅವ್ವನನ್ನು ಪಂಪ್‌ಸೆಟ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ತ್ರೀ ಫೇಸ್‌ಗೆ ನಡುರಾತ್ರಿವರೆಗೆ ಕಾದು ಕೂತವರಿಗೆ ಗೊತ್ತು.

ಕೋಟೆಗುಡ್ಡ

ನಗಿಸಿದೆ ಮಾರಾಯ. ಆದರೆ ಮಾತಿನಲ್ಲಿ ತಿರುಳಿದೆ. ಪಂಪ್‌ಸೆಟ್ ಹತ್ತಿರ ಕರೆದುಕೊಂಡು ಹೋಗುವುದೂ ಗಂಡಸೇ, ನೋಡು. ಕರೆಂಟ್ ಅವ್ವನದು, ಮೋಟರ್ ಅಪ್ಪನದು. ಕಾದಂಬರಿಯಲ್ಲಿ ನಾನು ಹುಡುಕಿದ್ದು ಇಂಥ ಒಂದು ಪುಟ.

ಸೋನಾಮಸೂರಿ (ಗಂಗಾವತಿ)

ಮೇಡಂ, ನಾನು ಒಪ್ಪುವುದಿಲ್ಲ. ಪುಸ್ತಕದ ಹೊರಚೌಕಟ್ಟನ್ನೇ ನೀವು ಹೇಳಲಿಲ್ಲ.

ಇಡೀ ಕಾದಂಬರಿ ಐದು ಸಾವಿರ ವರ್ಷ ಆದ ಮೇಲೆ ನೀಲ್ ಅನ್ನುವ ಗಂಡಸು ಬರೆದ ಹಸ್ತಪ್ರತಿ. ಅವನು ಅದನ್ನು ನಯೋಮಿ ಅನ್ನುವ ದೊಡ್ಡ ಲೇಖಕಿಗೆ ಓದಲಿಕ್ಕೆ ಕೊಟ್ಟಿದ್ದಾನೆ. ಆ ಕಾಲದಲ್ಲಿ ಆಳುವುದು ಹೆಂಗಸರು, ಅದು ಸೃಷ್ಟಿಯ ನಿಯಮ ಅಂತಲೇ ಎಲ್ಲರ ನಂಬಿಕೆ. ಹಿಂದೊಮ್ಮೆ ಗಂಡಸರು ಆಳುತ್ತಿದ್ದರು ಅಂತ ನೀಲ್ ಬರೆದರೆ ಆಕೆ ಮೆತ್ತಗೆ ನಗುತ್ತಾಳೆ. ಗಂಡಸರು ಆಳಿದ್ದರೆ ಲೋಕ ಎಷ್ಟು ಸೌಮ್ಯವಾಗಿ ಇರುತ್ತಿತ್ತೋ ಅಂತಾಳೆ. ಕೊನೆಗೆ, ಈ ಪುಸ್ತಕವನ್ನು ಹೆಂಗಸಿನ ಹೆಸರಲ್ಲಿ ಅಚ್ಚು ಹಾಕಿಸಬಾರದಾ ಅಂತ ಕೇಳುತ್ತಾಳೆ. ಆ ಸಾಲು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗಿಗೆ ನಾನೇ ಎಷ್ಟು ಸಲ ಅದೇ ದನಿಯಲ್ಲಿ ‘ಚೆನ್ನಾಗಿ ಬರೆದಿದ್ದೀಯಮ್ಮಾ’ ಅಂದಿದ್ದೇನೋ.

ನಡುವೆ ಬರುವ ಚಿತ್ರಗಳನ್ನೂ ಮರೆಯಬೇಡಿ. ಮೊಹೆಂಜೊದಾರೊದ ಆ ನೃತ್ಯಗಾತಿ ಬೊಂಬೆ ಎಲ್ಲರಿಗೂ ಗೊತ್ತು, ಸೊಂಟದ ಮೇಲೆ ಕೈಯಿಟ್ಟು ನಿಂತದ್ದು. ಈ ಪುಸ್ತಕದಲ್ಲಿ ಅಂಥದೇ ಬೊಂಬೆಯ ಕೆಳಗೆ ‘ಸೇವಕ ಹುಡುಗ’ ಅಂತ ಬರೆದಿದೆ. ಅರ್ಚಕ ರಾಜ ಅಂತ ನಾವು ಕರೆಯುವ ಗಡ್ಡದ ಮೂರ್ತಿ ಅಲ್ಲಿ ರಾಣಿ ಆಗಿದೆ. ಇದು ಕನ್ನಡಿ. ನಾಲ್ಕು ಪುಟ ಗಂಡಸರು ಒದೆ ತಿಂದರೆ ನಮಗೆ ವಾಕರಿಕೆ ಬರುತ್ತದೆ. ಪೇಪರಿನಲ್ಲಿ ದಿನಾ ಅದೇ ಸುದ್ದಿ, ಹೆಂಗಸರದು, ಬಂದರೆ ಚಹಾ ಕುಡಿಯುತ್ತ ಓದುತ್ತೇವೆ.

ಕೋಟೆಗುಡ್ಡ

ಅಣ್ಣಾ, ನೀಲ್ ಮತ್ತು ಆ ಲೇಖಕಿ ಬರೆದುಕೊಳ್ಳುವ ಪತ್ರಗಳ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಅದನ್ನು ಬಿಟ್ಟಿದ್ದು ನನ್ನ ತಪ್ಪು. ಇಡೀ ಪುಸ್ತಕದಲ್ಲಿ ಅತಿ ಒಳ್ಳೆಯ ಭಾಗ ಅದೇ. ಆದರೆ ಅದು ಎಷ್ಟು ಪುಟ? ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು. ನಡುವೆ ಮುನ್ನೂರು ಪುಟ ಥ್ರಿಲ್ಲರ್.

ಬೊಂಬೆಯ ಮಾತು ಬಂತಲ್ಲ, ಒಂದು ನೆನಪು. ನಮ್ಮ ಬಳ್ಳಾರಿಯ ಸಂಗನಕಲ್ಲು ಮ್ಯೂಸಿಯಂಗೆ ಒಮ್ಮೆ ಏಳನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಸಂಗನಕಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು, ದೊಡ್ಡ ಕಾರ್ಖಾನೆಯ ಹಾಗೆ. ನಾನು ‘ಆ ಕಾಲದ ಮನುಷ್ಯ ಕೊಡಲಿ ಮಾಡುತ್ತಿದ್ದ, ಅವನ ಹೆಂಡತಿ ಕಾಳು ಬೀಸುತ್ತಿದ್ದಳು’ ಅಂತ ವಿವರಿಸುತ್ತಿದ್ದೆ. ಒಬ್ಬಳು ಹುಡುಗಿ ಕೈ ಎತ್ತಿ, ‘ಟೀಚರ್, ಕೊಡಲಿ ಮಾಡಿದ್ದು ಅವನೇ ಅಂತ ಕಲ್ಲಿನ ಮೇಲೆ ಬರೆದಿದೆಯಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗಿಯ ಒಂದು ಪ್ರಶ್ನೆ ಈ ಪುಸ್ತಕದ ಚಿತ್ರಗಳ ಕೆಲಸವನ್ನು ಪೂರ್ತಿ ಮಾಡಿತ್ತು.

ಮಾವಿನಕೆರೆ (ರಾಯಚೂರು, ನಿವೃತ್ತ ಅಧ್ಯಾಪಕ)

ಥರ್ಮಲ್ ಹುಡುಗ ಕೇಳಿದ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ಉತ್ತರ ಬರೆದಿದ್ದಾರೆ. ಬಂಗಾಳದ ರೊಕೆಯಾ ಸಖಾವತ್ ಹುಸೇನ್. ಕಥೆಯ ಹೆಸರು ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝಿನ್’ ಪತ್ರಿಕೆಯಲ್ಲಿ ಬಂತು. ಆಗ ನಿಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ನಮ್ಮ ರಾಯಚೂರು, ಕೊಪ್ಪಳ ನಿಜಾಮರ ಕೆಳಗೆ.

ಅದರಲ್ಲೂ ಲೋಕ ತಲೆಕೆಳಗು. ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಆದರೆ ಯಾರ ಮೈಯಲ್ಲೂ ಹೊಸ ಅಂಗ ಬೆಳೆಯುವುದಿಲ್ಲ. ಹೆಂಗಸರ ವಿಶ್ವವಿದ್ಯಾಲಯಗಳಲ್ಲಿ ಒಂದು ಮೋಡದಿಂದ ನೀರು ಇಳಿಸುವುದನ್ನು ಕಂಡುಹಿಡಿಯುತ್ತದೆ, ಇನ್ನೊಂದು ಬಿಸಿಲಿನ ಶಾಖವನ್ನು ಕೂಡಿಡುವುದನ್ನು. ಅಡಿಗೆಯೂ ಅದರಿಂದಲೇ. ಶತ್ರು ಸೈನ್ಯ ಬಂದಾಗ ಅದೇ ಬಿಸಿಲನ್ನು ಅವರ ಮೇಲೆ ತಿರುಗಿಸುತ್ತಾರೆ. ಬಿಸಿಲಿಗೆ ಬರ ಇಲ್ಲದ ನಮ್ಮಂಥ ಊರಿನವರು ಓದಲೇಬೇಕಾದ ಕಥೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನೊಂದು ಮಾತು. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನೂನಿಜ್ ಬರೆದಿಟ್ಟಿದ್ದಾನೆ: ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದರು, ಖರ್ಚುವೆಚ್ಚದ ಲೆಕ್ಕ ಬರೆಯುವ ಹೆಂಗಸರಿದ್ದರು. ತೋಳಿನ ಬಲವೂ ಇತ್ತು, ಲೆಕ್ಕದ ಪುಸ್ತಕವೂ ಕೈಯಲ್ಲಿತ್ತು. ಗದ್ದುಗೆ ಮಾತ್ರ ರಾಯರದೇ.

ಜೀನ್ಸ್ ಗಲ್ಲಿ (ಬಳ್ಳಾರಿ)

ಎಲ್ಲರೂ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ, ನಾನು ಸಣ್ಣದೊಂದು ಹೇಳುತ್ತೇನೆ.

ಜೀನ್ಸ್ ಹೊಲಿಯುವ ಯುನಿಟ್ ಒಂದರಲ್ಲಿ ಬಿಲ್ಲು ಬರೆಯುವ ಕೆಲಸ ನನ್ನದು. ಸೀಸನ್‌ನಲ್ಲಿ ಬಿಡುವುದು ರಾತ್ರಿ ಒಂಬತ್ತೂವರೆಗೆ. ಅಲ್ಲಿಂದ ಆಟೊ ಸಿಗುವ ಸರ್ಕಲ್‌ವರೆಗೆ ಏಳು ನಿಮಿಷದ ನಡಿಗೆ. ಒಂದು ಬೀದಿ ದೀಪ ಉರಿದರೆ ಎರಡು ಉರಿಯುವುದಿಲ್ಲ. ಆ ಏಳು ನಿಮಿಷ ನನಗೆ ಪಹಣಿ ಬೇಡ, ಬೀಗದ ಕೈ ಬೇಡ. ಕೈಯಲ್ಲಿ ಕರೆಂಟ್ ಬೇಕು.

ಕಾದಂಬರಿಯ ಮೊದಲ ಭಾಗ ಓದುವಾಗ ಮೈ ಜುಮ್ ಅಂದಿತ್ತು. ಯಾವ ದಾರಿಯಲ್ಲಿ ಬೇಕಾದರೂ ಹುಡುಗಿಯರು ನಡೆಯುತ್ತಾರೆ, ಹಿಂದೆ ತಿರುಗಿ ನೋಡುವುದಿಲ್ಲ. ಅಷ್ಟೇ ಸಾಕಿತ್ತು ನನಗೆ. ಶಕ್ತಿ ತೋಳಿನಲ್ಲಿ ಇಲ್ಲ ಅಂತ ಹೇಳುವುದು ಸುಲಭ ಅಕ್ಕಾ. ಭಯ ಇರುವುದು ಮೈಯಲ್ಲೇ.

ಆಮೇಲೆ ಪುಸ್ತಕ ಕೆಟ್ಟಿತು ಅನ್ನುವುದು ನಿಜ. ನನ್ನ ಸಿಟ್ಟಿಗೆ ಕಾರಣ ಬೇರೆ. ಆ ಹುಡುಗಿಯರಿಗೆ ನಿರಾಳವಾಗಿ ನಡೆಯಲಿಕ್ಕೆ ಲೇಖಕಿ ಸಾಕಷ್ಟು ಪುಟ ಕೊಡಲೇ ಇಲ್ಲ. ಅವಸರದಲ್ಲಿ ರಾಕ್ಷಸಿಯರನ್ನಾಗಿ ಮಾಡಿಬಿಟ್ಟರು.

ಕೋಟೆಗುಡ್ಡ

ನಿನ್ನ ಮಾತು ಎರಡು ಸಲ ಓದಿದೆ ತಂಗಿ. ನಾನು ನಾಲ್ಕೂವರೆಗೆ ಶಾಲೆ ಬಿಟ್ಟು ಬೆಳಕಿರುವಾಗಲೇ ಮನೆ ಸೇರುವವಳು. ಆ ಏಳು ನಿಮಿಷ ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೊದಲ ನೂರು ಪುಟ ನನಗೂ ಯಾಕೆ ಅಷ್ಟು ಹಿಡಿಸಿತು ಅಂತ ಈಗ ಹೊಳೆಯುತ್ತಿದೆ.

ಪಡ್ಡಲಿಗೆ (ಹೊಸಪೇಟೆ ಕಡೆಯವನು, ಈಗ ಬಳ್ಳಾರಿ)

ಹೆಣ್ಣು, ಗಂಡು ಅಂತ ಎರಡೇ ಸಾಲು ಎಳೆದು ಕಥೆ ಕಟ್ಟಿದ್ದಾರೆ. ಮಾರ್ಗೊ ಮಗಳು ಜೋಸೆಲಿನ್‌ಗೆ ಕರೆಂಟ್ ಸರಿಯಾಗಿ ಬರುವುದಿಲ್ಲ, ಒಮ್ಮೆ ಇರುತ್ತದೆ ಒಮ್ಮೆ ಇಲ್ಲ. ಅವಳ ಗೆಳೆಯ ರಯಾನ್ ಹುಡುಗನಾದರೂ ಅವನಿಗೆ ಆ ಅಂಗ ಇದೆ. ಈ ಇಬ್ಬರೇ ಕಾದಂಬರಿಯ ಜೀವ ಆಗಬೇಕಿತ್ತು. ಲೇಖಕಿ ಇವರನ್ನು ಬಾಗಿಲವರೆಗೆ ಕರೆದು ಒಳಗೆ ಬಿಟ್ಟುಕೊಳ್ಳಲಿಲ್ಲ.

ನಾವು ಜೋಗತಿಯರನ್ನು, ಅಂದರೆ ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಹೆಣ್ಣಾಗಿ ಬದುಕುವ ಜೋಗಪ್ಪಗಳನ್ನು, ನೋಡಿಕೊಂಡು ಬೆಳೆದವರು. ಮಂಜಮ್ಮ ಜೋಗತಿ ಅವರು ಬಳ್ಳಾರಿ ಸೀಮೆಯವರು. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿ ಮುಂದೆ ನಿಂತು ಸೆರಗಿನಿಂದ ಅವರಿಗೇ ದೃಷ್ಟಿ ತೆಗೆದ ವಿಡಿಯೊ ಎಲ್ಲರೂ ನೋಡಿದ್ದೀರಿ. ದೇಶದ ಅತಿ ದೊಡ್ಡ ಕುರ್ಚಿಯಲ್ಲಿ ಇದ್ದವರಿಗೂ ದೃಷ್ಟಿ ತಾಗೀತು ಅಂತ ಕಾಳಜಿ ಮಾಡುವ ಶಕ್ತಿ ಅದು. ಆ ಕರೆಂಟ್ ಇಲ್ಲಿಗೆ ಬಂದಿದ್ದರೆ ಜೋಗಪ್ಪಗಳಿಗೆ ಬರುತ್ತಿತ್ತಾ, ಇಲ್ಲವಾ? ಈ ಒಂದು ಪ್ರಶ್ನೆ ಹಿಡಿದರೆ ಬೇರೆಯದೇ ಕಾದಂಬರಿ ಆಗುತ್ತದೆ.

ಕಟ್ಟೆಮಾತು (ಸಿಂಧನೂರು)

ಯಾವಾಗ ನೋಡಿದರೂ ಇಂಗ್ಲಿಷ್ ಪುಸ್ತಕ. ನಮ್ಮಲ್ಲಿ ಹೆಣ್ಣುರಾಜ್ಯದ ಕಥೆ ಇಲ್ವಾ?

ಮಾವಿನಕೆರೆ

ಇದೆಯಪ್ಪಾ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಪ್ರಮೀಳೆಯ ರಾಜ್ಯ ಬರುತ್ತದೆ. ಅಶ್ವಮೇಧದ ಕುದುರೆ ಅಲ್ಲಿಗೆ ಹೋಗುತ್ತದೆ, ಹೆಂಗಸರು ಕಟ್ಟಿಹಾಕುತ್ತಾರೆ. ಅರ್ಜುನ ಬರುತ್ತಾನೆ. ಆಮೇಲೆ ಏನಾಗುತ್ತದೆ ಗೊತ್ತಲ್ಲ? ಪ್ರಮೀಳೆಗೆ ಅರ್ಜುನನ ಜೊತೆ ಮದುವೆ ಗೊತ್ತಾಗಿ ಕುದುರೆ ಮುಂದೆ ಹೋಗುತ್ತದೆ. ನಮ್ಮವರು ಮದುವೆ ಮಾಡಿ ಮುಗಿಸಿದರು, ಇವರು ಲೋಕವನ್ನೇ ಸುಟ್ಟು ಮುಗಿಸಿದರು. ಹೆಂಗಸರು ಆಳುತ್ತ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತದೆ ಅಂತ ಬರೆಯುವ ತಾಳ್ಮೆ ಇಬ್ಬರಿಗೂ ಇಲ್ಲ. ರೊಕೆಯಾಗೆ ಇತ್ತು.

ಹುಲಿಗಿ ಬಸ್ (ಕೊಪ್ಪಳ ತಾಲ್ಲೂಕು)

ಎಲ್ಲರಿಗೂ ಶರಣು. ನಾನು ಪುಸ್ತಕ ಓದಿಲ್ಲ, ಇಂಗ್ಲಿಷ್ ಅಷ್ಟು ಬರುವುದಿಲ್ಲ. ಮಗಳು ಸೀರೀಸ್ ಹಾಕಿ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋದಳು. ಉಳಿದ ಕಥೆಯನ್ನು ಅಡಿಗೆ ಮಾಡುವಾಗ ಕೇಳಿದೆ. ಆದರೂ ಮಾತಾಡಬೇಕು ಅನ್ನಿಸಿತು, ಯಾಕೆಂದರೆ ನಾನು ಮೂವತ್ತು ತಿಂಗಳು ಒಂದು ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆಗಿದ್ದವಳು.

ನಮ್ಮ ರಾಜ್ಯದಲ್ಲಿ 1987ರ ಚುನಾವಣೆಯಿಂದಲೇ ಹೆಂಗಸರಿಗೆ ಕಾಲು ಭಾಗ ಸೀಟು ಇತ್ತು. 2010ರಿಂದ ಅರ್ಧ. ಅಂದರೆ ಕಾನೂನು ನಮ್ಮ ಕೈಗೆ ಕರೆಂಟ್ ಕೊಟ್ಟು ಬಹಳ ವರ್ಷ ಆಯಿತು. ನಾನು ಗೆದ್ದ ದಿನ ಹಾರ ಬಿದ್ದದ್ದು ನಮ್ಮ ಯಜಮಾನರ ಕೊರಳಿಗೆ. ಊರವರು ಅವರನ್ನೇ ‘ಅಧ್ಯಕ್ಷರೇ’ ಅಂತ ಕರೆಯುತ್ತಿದ್ದರು. ನಾನು ‘ಅಧ್ಯಕ್ಷರ ಮನೆಯವರು’. ಗ್ರಾಮಸಭೆಯಲ್ಲಿ ನನ್ನ ಕುರ್ಚಿ ಪಕ್ಕದಲ್ಲಿ ಅವರಿಗೂ ಒಂದು ಕುರ್ಚಿ. ಮಾತೆಲ್ಲ ಆ ಕುರ್ಚಿಯಿಂದಲೇ.

ಈಗ ಪಂಚಾಯ್ತಿ ಬಿಲ್ಲು ಪಾಸಾಗಬೇಕಾದರೆ ಸಹಿ ಸಾಲದು. ಡೋಂಗಲ್ ಅಂತ ಇರುತ್ತದೆ, ಹೆಬ್ಬೆರಳಿನಷ್ಟು. ಅಧ್ಯಕ್ಷರದು ಒಂದು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರದು ಒಂದು. ಎರಡನ್ನೂ ಕಂಪ್ಯೂಟರಿಗೆ ಹಾಕಿ ಪಾಸ್‌ವರ್ಡ್ ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ನನ್ನ ಡೋಂಗಲ್ ಯಜಮಾನರ ಬೈಕಿನ ಕೀ ಚೈನಿಗೆ ನೇತಾಡುತ್ತಿತ್ತು. ಎಂಟು ತಿಂಗಳು ನಾನು ಅದನ್ನು ಮುಟ್ಟಿ ನೋಡಿರಲಿಲ್ಲ.

ಅಧ್ಯಕ್ಷೆಯರಿಗೆ ಅಂತ ಒಂದು ತರಬೇತಿ ಇಟ್ಟಿದ್ದರು. ಗಂಡಸರನ್ನು ಒಳಗೆ ಬಿಡಲಿಲ್ಲ. ಅಲ್ಲಿ ಕ್ರಿಯಾ ಯೋಜನೆ ಓದುವುದು ಹೇಳಿಕೊಟ್ಟರು. ನಮ್ಮ ಓಣಿಯ ಚರಂಡಿಗೆ ಎರಡು ಸಲ ಬಿಲ್ಲಾಗಿದೆ ಅಂತ ಗೊತ್ತಾದದ್ದು ಆವತ್ತು. ಚರಂಡಿ ಮಾತ್ರ ಒಂದು ಸಲವೂ ಆಗಿರಲಿಲ್ಲ. ಬಿಲ್ಲಿನ ಮೇಲೆ ಇದ್ದದ್ದು ನನ್ನ ಹೆಸರು. ಮನೆಗೆ ಬಂದು ಜಗಳ ಮಾಡಲಿಲ್ಲ. ಮರುದಿನ ಡೋಂಗಲ್ ತೆಗೆದುಕೊಂಡು ಪಂಚಾಯ್ತಿಗೆ ಹೋಗಿ, ಕಂಪ್ಯೂಟರ್ ಹುಡುಗಿಯನ್ನು ಕೇಳಿ ಪಾಸ್‌ವರ್ಡ್ ಬದಲಿಸಿದೆ. ಡೋಂಗಲ್ಲನ್ನು ಮತ್ತೆ ಅವರ ಕೀ ಚೈನಿಗೇ ಹಾಕಿಟ್ಟೆ.

ಮೂರು ದಿನ ಆದ ಮೇಲೆ ನಮ್ಮ ಮನೆಯಲ್ಲಿ ಆದ ಗದ್ದಲ ಯಾವ ಸೀರೀಸಿನಲ್ಲೂ ಇಲ್ಲ ಬಿಡಿ. ಅವಿಶ್ವಾಸ ತರುತ್ತೇವೆ ಅಂತ ಮೆಂಬರುಗಳು ಹೆದರಿಸಿದರು. ಅತ್ತೆ ಊಟ ಬಿಟ್ಟರು. ಕೈಯಿಂದ ಕರೆಂಟ್ ಹೊಡೆಯುವ ಹಾಗಿದ್ದರೆ ಅಂತ ಮಗಳು ಕೇಳಿದಳು. ಹೊಡೆಯಬಹುದಿತ್ತು. ಹೊಡೆದ ಮೇಲೆ ಅದೇ ಕೈಯಲ್ಲಿ ರೊಟ್ಟಿ ತಟ್ಟಬೇಕಿತ್ತು.

ದೇವರ ಮಾತು ಒಂದಿದೆ. ಆ ಮದರ್ ಈವ್ ದೇವರು ಹೆಣ್ಣು ಅಂತ ಹೇಳಿದ ಕೂಡಲೇ ಲೋಕ ಬದಲಾಗುತ್ತದಂತೆ. ನಮಗೆ ಹುಲಿಗೆಮ್ಮ ಯಾವ ಕಾಲದಿಂದ ಇದ್ದಾಳೆ. ಹುಣ್ಣಿಮೆಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ, ಎಂಥ ಗಂಡಸೂ ಅಡ್ಡಬೀಳುತ್ತಾನೆ. ಅದೇ ಸೀಮೆಯಲ್ಲಿ ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅದನ್ನು ನಿಲ್ಲಿಸಲಿಕ್ಕೆ 1982ರಲ್ಲಿ ಕಾನೂನೇ ಬರಬೇಕಾಯಿತು. ಹೆಣ್ಣುದೇವರಿಗೆ ಕೈಮುಗಿದವರು ಮನೆಯ ಹೆಣ್ಣಿಗೂ ಮುಗಿಯುತ್ತಾರೆ ಅಂದುಕೊಂಡವರು ನಮ್ಮ ಕಡೆ ಬಂದು ನೋಡಲಿ.

ಕೋಟೆಗುಡ್ಡ ಮೇಡಂ ಮೂರು ಪದ ಹೇಳಿದರು. 2023ರ ಜೂನ್ 11ರಿಂದ ಇನ್ನೊಂದು ‘ಶಕ್ತಿ’ ಬಂದಿದೆಯಲ್ಲ, ಬಸ್ಸಿನದು. ನನ್ನ ಹೆಸರು ಅದಕ್ಕೇ ಇಟ್ಟುಕೊಂಡದ್ದು. ಆಧಾರ್ ಕಾರ್ಡ್ ತೋರಿಸಿದರೆ ಆಯಿತು, ಹುಲಿಗಿಗೆ ಹೋಗಲಿಕ್ಕೆ ಯಾರ ಹತ್ತಿರವೂ ದುಡ್ಡು ಕೇಳಬೇಕಿಲ್ಲ. ಎಲ್ಲಿಗೆ, ಯಾಕೆ ಅಂತ ಹೇಳಬೇಕಿಲ್ಲ. ಸೀಟು ಸಿಗುವುದಿಲ್ಲ, ಅದು ಬೇರೆ ಮಾತು.

ಸೋನಾಮಸೂರಿ

ಅಕ್ಕಾವ್ರೇ, ನಿಮ್ಮ ಕಥೆ ಓದಿ ಮಾರ್ಗೊ ನೆನಪಾದಳು. ಅವಳು ಗವರ್ನರ್ ಚುನಾವಣೆಯ ಟಿವಿ ಚರ್ಚೆಯಲ್ಲಿ ಸಿಟ್ಟು ತಡೆಯದೆ ಎದುರಾಳಿಗೆ ಕರೆಂಟ್ ಹೊಡೆಯುತ್ತಾಳೆ. ಅಲ್ಲಿಗೆ ಸೋತೆ ಅಂದುಕೊಳ್ಳುತ್ತಾಳೆ. ಜನ ಬಾಯಲ್ಲಿ ಛೀ ಅನ್ನುತ್ತಾರೆ, ವೋಟು ಅವಳಿಗೇ ಹಾಕುತ್ತಾರೆ. ಹುಡುಗಿಯರಿಗೆ ತರಬೇತಿ ಕ್ಯಾಂಪು, ಅದಕ್ಕೆ ಸರ್ಕಾರದ ದುಡ್ಡು, ಅದರ ಹಿಂದೆ ಕಂಪನಿ. ಕುರ್ಚಿ, ಬಜೆಟ್ಟು ಲೇಖಕಿಗೆ ಗೊತ್ತೇ ಇಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ ಮೇಡಂ.

ಕೋಟೆಗುಡ್ಡ

ಗೊತ್ತಿದೆ ಅಣ್ಣಾ, ಅದಕ್ಕೇ ಬೇಜಾರು ಜಾಸ್ತಿ. ಗೊತ್ತಿಲ್ಲದವರು ಬ‍ರೆದಿದ್ದರೆ ಬಿಟ್ಟುಬಿಡುತ್ತಿದ್ದೆ. ಮಾರ್ಗೊ ಮೇಲೆ ಇನ್ನೂ ನೂರು ಪುಟ ಬರೆದು ಆ ರಾಕ್ಸಿಯ ಗುಂಡು ಹೊಡೆದಾಟ ಕಡಿಮೆ ಮಾಡಿದ್ದರೆ ನಾನು ಈ ಚರ್ಚೆ ಶುರುಮಾಡುತ್ತಲೇ ಇರಲಿಲ್ಲ.

ಜೀನ್ಸ್ ಗಲ್ಲಿ

ರಾಕ್ಸಿಯನ್ನು ಮುಟ್ಟಬೇಡಿ. ಅಣ್ಣನೇ ಅವಳ ಅಂಗ ಕುಯ್ದು ತನ್ನ ಮೈಗೆ ಹಾಕಿಸಿಕೊಳ್ಳುತ್ತಾನಲ್ಲ, ಆ ಅಧ್ಯಾಯ ಒಂದೇ ಸಾಕು. ಕೊಪ್ಪಳದ ಅಕ್ಕನ ಡೋಂಗಲ್‌ಗೂ ಅದಕ್ಕೂ ಏನು ವ್ಯತ್ಯಾಸ?

ಕೋಟೆಗುಡ್ಡ

ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ. ಆ ಅಧ್ಯಾಯ ಇವತ್ತು ರಾತ್ರಿ ಮತ್ತೆ ಓದುತ್ತೇನೆ. ಪುಸ್ತಕ ನಿರಾಸೆ ಮಾಡಿತು ಅನ್ನುವ ಮಾತು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಥರ್ಮಲ್ ಹುಡುಗ

ಹುಲಿಗಿ ಬಸ್ ಅಕ್ಕಾ, ಈಗ ಆ ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಹುಲಿಗಿ ಬಸ್

ನನ್ನ ಅವಧಿ ಮುಗಿಯಿತು ತಮ್ಮಾ. ಹೊಸ ಅಧ್ಯಕ್ಷರಿಗೆ ಅವರ ಹೆಸರಲ್ಲಿ ಬೇರೆ ಡೋಂಗಲ್ ಬಂದಿದೆ. ಅವರೂ ಹೆಂಗಸೇ, ಇನ್ನೂ ಸಣ್ಣ ವಯಸ್ಸು. ಹೋದ ವಾರ ಸಂತೆಯಲ್ಲಿ ಗಂಡನ ಜೊತೆ ಸಿಕ್ಕಿದ್ದರು. ಆತ ಬೈಕ್ ಸ್ಟ್ಯಾಂಡ್ ಹಾಕಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದ. ಕೀ ಚೈನ್ ನೋಡಿದೆ. ಅಲ್ಲೇ ಇತ್ತು.

‘ಬಿಡುವಾದಾಗ ಒಂದು ಸಲ ಮನೆಗೆ ಬಾರವ್ವಾ, ಒಬ್ಬಳೇ ಬಾ, ಬಸ್ ಹೆಂಗೂ ಫ್ರೀ ಐತಿ’ ಅಂತ ಹೇಳಿ ಬಂದಿದ್ದೇನೆ.